ಒಂದೇ ಪ್ರಾಂತ್ಯದ ಮೂರು ನಗರಗಳ ಜೀವನ ವೆಚ್ಚ ಹೋಲಿಸುವುದು ಹೇಗೆ?

ಪ್ರಶ್ನೆ:
ಮೂರು ನಗರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಗ್ರಾಹಕ ಬೆಲೆ ಸೂಚ್ಯಂಕ ನೋಡಿದರೆ ಒಂದರದ್ದು 190, ಇನ್ನೊಂದರದ್ದು 175. ಅಂದರೆ ಮೊದಲನೆಯದೇ ದುಬಾರಿ ಅಂತಲೇ? ಆನ್‌ಲೈನ್ ಪಟ್ಟಿಗಳಲ್ಲಿ ಇದು ಉಲ್ಟಾ ಇದೆ. ಸಂಬಳ ಎಷ್ಟು ಹೆಚ್ಚು ಕೇಳಬೇಕು ಅನ್ನುವುದಕ್ಕೆ ಲೆಕ್ಕ ಹೇಗೆ ಹಾಕುವುದು?

ಉತ್ತರ 1:
ಆ ಸೂಚ್ಯಂಕ ಈ ಕೆಲಸಕ್ಕೆ ಬರುವುದೇ ಇಲ್ಲ. ಆಧಾರ ವರ್ಷದಲ್ಲಿ ಪ್ರತಿ ಊರಿಗೂ 100 ಅಂತ ಇಟ್ಟು, ಅಲ್ಲಿಂದ ಬೆಲೆ ಎಷ್ಟು ಏರಿತು ಅನ್ನುವುದನ್ನಷ್ಟೇ ಹೇಳುತ್ತೆ. 190ರ ಊರಲ್ಲಿ ಬೆಲೆ ಬೇಗ ಏರಿದೆ, ಅಷ್ಟೇ. ಮೊದಲಿಂದ ಅಗ್ಗವಿದ್ದರೆ ಇವತ್ತಿಗೂ ಅಗ್ಗವೇ ಇರಬಹುದು.

ಪಟ್ಟಿಗಳದ್ದೂ ಒಳಗೆ ಏನಿದೆ ನೋಡಿ. ನಂಬಿಯೊ ಅನ್ನುವ ಬೆಲೆ ಹೋಲಿಕೆಯ ಜಾಲತಾಣದಲ್ಲಿ ನ್ಯೂಯಾರ್ಕ್‌ಗೆ 100 ಕೊಟ್ಟಿರುತ್ತಾರೆ, ಬೆಲೆಗಳನ್ನು ಹೆಚ್ಚಾಗಿ ಬಳಕೆದಾರರೇ ತುಂಬುತ್ತಾರೆ. ಅಲ್ಲಿನ ಜೀವನ ವೆಚ್ಚದ ಅಂಕಿಯಲ್ಲಿ ಬಾಡಿಗೆ ಇರುವುದಿಲ್ಲ, ಅದು ಬೇರೆ ಕಾಲಂ. ಸಣ್ಣ ಊರಿಗೆ ನಮೂದುಗಳೇ ಕಡಿಮೆ, ಒಂದೆರಡು ತಪ್ಪಿದರೂ ಸರಾಸರಿ ಕೆಡುತ್ತೆ. ಮರ್ಸರ್ ಅನ್ನುವ ಸಲಹಾ ಸಂಸ್ಥೆಯ ಸಮೀಕ್ಷೆ, ಕಂಪನಿಗಳು ವಿದೇಶಕ್ಕೆ ಕಳಿಸುವ ನೌಕರರಿಗಾಗಿ ಮಾಡಿದ್ದು, ಅದರಲ್ಲಿ ವಿನಿಮಯ ದರ ಅಲುಗಿದರೂ ಸ್ಥಾನ ಬದಲಾಗುತ್ತೆ.

ಉತ್ತರ 2:
ನಿಮ್ಮ ಖರ್ಚಿನಿಂದಲೇ ಶುರು ಮಾಡಿ. ಈಗಿನ ಊರಿನ ತಿಂಗಳ ಖರ್ಚಲ್ಲಿ ಯಾವುದು ಶೇಕಡಾ ಎಷ್ಟು ಅಂತ ಬರೆದು, ಹೊಸ ಊರಿನ ಬೆಲೆ ಎಷ್ಟು ಪಟ್ಟು ಅನ್ನುವುದರಿಂದ ಗುಣಿಸಿ, ಕೂಡಿ. ಉದಾಹರಣೆಗೆ ಬಾಡಿಗೆ 30 × 1.5 = 45, ಊಟ-ದಿನಸಿ 25 × 1.05 = 26.25, ಓಡಾಟ 10 × 1.2 = 12, ಶಾಲೆ 15 × 1.3 = 19.5, ಉಳಿದದ್ದು 20 × 1 = 20. ಒಟ್ಟು 122.75, ಅಂದರೆ ಇಲ್ಲಿನ 100 ರೂಪಾಯಿ ಖರ್ಚಿಗೆ ಅಲ್ಲಿ 122.75.

ಇದು ಸ್ವಲ್ಪ ಹೆಚ್ಚೇ ಬಂದಿರುತ್ತೆ. ಬಾಡಿಗೆ ಜಾಸ್ತಿ ಇರುವ ಊರಲ್ಲಿ ಜನ ಚಿಕ್ಕ ಮನೆ ಹಿಡಿಯುತ್ತಾರೆ, ಹಳೇ ಅಳತೆಯ ಮನೆಯನ್ನೇ ಅಲ್ಲ. ಹಾಗಾಗಿ ಹೊಸ ಊರಲ್ಲಿ ನಿಜವಾಗಿ ಕೊಳ್ಳುವ ಪಟ್ಟಿಯನ್ನು ಎರಡೂ ಊರಿನ ಬೆಲೆಯಲ್ಲಿ ಲೆಕ್ಕ ಹಾಕಿ. ಹಳೇ ಊರಿನ ಮೊತ್ತ 100 ಅಂತ ಹಿಡಿದರೆ ಹೊಸ ಊರಿನದು 114 ಬಂತು ಅನ್ನಿ, 122.75 ಮತ್ತು 114 ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 118. ಫಿಶರ್ ಸೂಚ್ಯಂಕ ಅನ್ನುವುದು ಇದನ್ನೇ.

ಉತ್ತರ 3:
ಲೆಕ್ಕ ಸರಿ, ಆದರೆ ಬಾಡಿಗೆಯ ಅಂಕಿ ತಪ್ಪಿದರೆ ಉಳಿದದ್ದೆಲ್ಲ ದಂಡ. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬಾಡಿಗೆ, ಹಳೇ ಬಾಡಿಗೆದಾರರು ಕೊಡುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಹೊಸಬರಾದ ನಿಮಗೆ ಬೇಕಾದದ್ದು ಮೊದಲನೆಯದೇ. ಸರಾಸರಿ ಬಿಟ್ಟು ನಡುವಿನ ಬೆಲೆ (ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ಮಧ್ಯದಲ್ಲಿ ಬರುವುದು) ಹಿಡಿಯಿರಿ, ನಾಲ್ಕು ಐಷಾರಾಮಿ ಮನೆ ಸರಾಸರಿಯನ್ನು ಮೇಲೆಳೆಯುತ್ತವೆ. ಕೆಲಸದ ಜಾಗದಿಂದ ಅಷ್ಟೇ ಹೊತ್ತಿನ ದಾರಿಯಲ್ಲಿರುವ ಮನೆಗಳನ್ನೇ ಹೋಲಿಸಿ. ಇಲ್ಲವಾದರೆ ಬಾಡಿಗೆಯಲ್ಲಿ ಉಳಿದದ್ದು ಓಡಾಟಕ್ಕೆ ಹೋಗುತ್ತೆ. ಎಲ್ಲ ಊರಿನ ತರಕಾರಿ ಬೆಲೆಯನ್ನೂ ಒಂದೇ ವಾರದಲ್ಲಿ ತೆಗೆದುಕೊಳ್ಳಿ. ಮುಂಗಡಕ್ಕೆ ಕಳೆದುಕೊಳ್ಳುವ ಬಡ್ಡಿ, ಸಾಗಣೆ ಖರ್ಚು ಎರಡನ್ನೂ ಇರುವಷ್ಟು ತಿಂಗಳಿಗೆ ಹಂಚಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಸಂಬಳ ಶೇ. 18 ಹೆಚ್ಚು ಸಿಕ್ಕರೆ ಸಾಕಾ?

ಉತ್ತರ 2:
ಕೈಗೆ ಬರುವ ಸಂಬಳ ಅಷ್ಟು ಹೆಚ್ಚಬೇಕು. ಏರಿದ ಭಾಗಕ್ಕೆ ಮೇಲಿನ ದರದ ತೆರಿಗೆ ಬಿದ್ದರೆ, ಒಟ್ಟು ಸಂಬಳ ಅದಕ್ಕಿಂತ ಜಾಸ್ತಿ ಕೇಳಬೇಕಾಗುತ್ತೆ. ಇನ್ನೊಂದು, 118ರ ಊರಿಂದ 100ರ ಊರಿಗೆ ವಾಪಸ್ ಬಂದರೆ ಖರ್ಚು ಇಳಿಯುವುದು ಶೇ. 18 ಅಲ್ಲ, ಸುಮಾರು 15.