ಪದಚರ್ಚೆ: ತೈಲವೋ ಎಣ್ಣೆಯೋ? ಲವಾಸಿಯೆ ಚಿತ್ರದ ಫಲಕಕ್ಕೆ

ಮಾನ್ಯರೇ,
ವಿಜ್ಞಾನ ಪ್ರದರ್ಶನದ ಗೋಡೆಫಲಕವೊಂದು ಇಂದು ಸಂಜೆ ಅಚ್ಚಿಗೆ ಹೋಗಬೇಕು. ಚಿತ್ರ: ಜಾಕ್ ಲೂಯಿ ದವೀದ್ 1788ರಲ್ಲಿ ಬರೆದ ಲವಾಸಿಯೆ ದಂಪತಿ. ಮೂಲ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಗರಿಲೇಖನಿ ಹಿಡಿದು ಬರೆಯುತ್ತಿದ್ದ ರಸಾಯನವಿಜ್ಞಾನಿ, ಹೆಗಲಿಗೆ ಒರಗಿ ನಿಂತ ಹೆಂಡತಿಯತ್ತ ತಲೆಯೆತ್ತಿದ್ದಾನೆ. ಕೆಂಪು ಮಕಮಲ್ಲು ಹೊದಿಸಿದ ಮೇಜಿನ ಮೇಲೆ ಗಾಜಿನ ಉಪಕರಣಗಳು. "ನವಶಾಸ್ತ್ರೀಯ ಶೈಲಿಯ ತೈಲ ಭಾವಚಿತ್ರ" ಎಂದು ಹಾಕಿದ್ದೇನೆ. ನಿಲ್ಲುತ್ತದೆಯೇ?

> ನಿಲ್ಲುತ್ತದೆಯೇ?

ಇಲ್ಲ. ತೈಲ ಬಂದದ್ದು ತಿಲದಿಂದ, ತಿಲವೆಂದರೆ ಎಳ್ಳು. ಎಳ್ಳೆಣ್ಣೆಯಲ್ಲಿ ಬಣ್ಣ ಕಲಸಿದರೆ ಅಂಟಂಟಾಗಿಯೇ ಉಳಿಯುತ್ತದೆ. ಕನ್ನಡದ್ದೇ ಎಣ್ಣೆ ಇರುವಾಗ ಸಂಸ್ಕೃತದ ಹಂಗು ಯಾಕೆ? "ಎಣ್ಣೆಬಣ್ಣದ ಚಿತ್ರ" ಎನ್ನಿ.

> ಕನ್ನಡದ್ದೇ ಎಣ್ಣೆ

ಅದನ್ನೂ ಬಿಡಿಸಿ ನೋಡಿ: ಎಳ್ + ನೆಯ್. ಅದೂ ಎಳ್ಳೇ. ಎರಡೂ ಪದ ಎಳ್ಳಿನಿಂದ ಹೊರಟು ಎಲ್ಲ ಎಣ್ಣೆಗೂ ಹರಡಿವೆ. ಬೇರು ಜಗ್ಗಿ ಬಳಕೆ ತೀರ್ಮಾನಿಸಬೇಡಿ. ಚಿತ್ರಕ್ಕೆ ಬೇಕಾದದ್ದು ಅಗಸೆಯೆಣ್ಣೆ. ಅದು ನೀರಿನಂತೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಕೆಳಪದರದಲ್ಲಿ ಎಣ್ಣೆ ಹೆಚ್ಚಿದ್ದು ಮೇಲ್ಪದರದಲ್ಲಿ ಕಡಿಮೆಯಾದರೆ ಮೇಲಿನದು ಮೊದಲು ಬಿಗಿಯುತ್ತದೆ. ಕೆಳಗಿನದು ಇನ್ನೂ ಅಲುಗುತ್ತಿರುವುದರಿಂದ ಬಿರುಕು ಬೀಳುತ್ತದೆ. "ತೈಲವರ್ಣ" ಕಲಾವಿದರ ಬಾಯಲ್ಲಿ ನೆಲೆಯೂರಿದೆ, ಇರಲಿ.

ತೆಗೆಯಬೇಕಾದದ್ದು ಭಾವಚಿತ್ರ. ಅರ್ಜಿಗೆ ಅಂಟಿಸುವ ಫೋಟೊ, ಹಾರ ಹಾಕಿದ ಫೋಟೊ, ಎಲ್ಲವೂ ಭಾವಚಿತ್ರವೇ. ಇಲ್ಲಿ ಸುಮಾರು 260 × 195 ಸೆಂ.ಮೀ. ಕ್ಯಾನ್ವಾಸು, ಮೇಜಿನ ಹೊದಿಕೆಯಡಿಯಿಂದ ಚಾಚಿದ ಕಪ್ಪು ಕಾಲುಚೀಲದ ಕಾಲಿನವರೆಗೂ ಮನುಷ್ಯ ಕಾಣುತ್ತಾನೆ. "ವ್ಯಕ್ತಿಚಿತ್ರ" ಹಾಕಿ. ಗದ್ಯಕ್ಕೂ ಆ ಹೆಸರಿದೆ ನಿಜ, ಗೋಡೆಯ ಮೇಲೆ ಗೊಂದಲವಾಗದು.

ಇನ್ನು ನವಶಾಸ್ತ್ರೀಯ. ಶಾಸ್ತ್ರೀಯ ಎಂದೊಡನೆ ಓದುಗರಿಗೆ ಸಂಗೀತ ಕೇಳಿಸುತ್ತದೆ. ಕ್ಲಾಸಿಕಲ್‌ಗೆ ಇನ್ನೊಂದು ಪದವಾದ ಅಭಿಜಾತ ಎಂದರೆ ಕುಲೀನ. ಗ್ರೀಕ್-ರೋಮನ್ ಮಾದರಿಗೆ ಮರಳಿದ ಕಲೆಗೆ ಹುಟ್ಟಿನ ಮಾತು ಸಲ್ಲದು. "ನಿಯೋಕ್ಲಾಸಿಕಲ್" ಎಂದೇ ಬರೆಯಿರಿ.

> "ನಿಯೋಕ್ಲಾಸಿಕಲ್" ಎಂದೇ ಬರೆಯಿರಿ

ಇದು ಸೋಮಾರಿತನ. ಹೀಗೇ ಹೋದರೆ ನಾಳೆ ಆಮ್ಲಜನಕವೂ ಆಕ್ಸಿಜನ್ ಆಗುತ್ತದೆ.

> ಆಮ್ಲಜನಕವೂ ಆಕ್ಸಿಜನ್

ಆಮ್ಲಜನಕ ಯಾರ ಪದ ಅಂದುಕೊಂಡಿರಿ? ಈ ಚಿತ್ರದಲ್ಲಿ ಕುಳಿತವನದೇ. ಆಮ್ಲಗಳೆಲ್ಲಕ್ಕೂ ಅದೇ ಮೂಲವೆಂದು ನಂಬಿ ಗ್ರೀಕ್ ಬೇರುಗಳಿಂದ ಆಕ್ಸಿಜನ್ ಎಂಬ ಹೆಸರು ಕಟ್ಟಿದ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದಿಲ್ಲ, ನಂಬಿಕೆ ತಪ್ಪಾಯಿತು. ನಾವು ಅರ್ಥಾನುವಾದ ಮಾಡಿ ಆ ತಪ್ಪನ್ನು ಪಾರದರ್ಶಕವಾಗಿ ಉಳಿಸಿಕೊಂಡೆವು. ಎರವಲು ಪಡೆದ ಸದ್ದಿಗೆ ಆ ತೊಡಕಿಲ್ಲ. ಪ್ರತಿ ಎರವಲೂ ಸೋಲಲ್ಲ.

ಧನ್ಯವಾದ. ಅಚ್ಚಿಗೆ ಹೀಗೆ ಕಳಿಸುತ್ತಿದ್ದೇನೆ: "ಲವಾಸಿಯೆ ದಂಪತಿ. ನಿಯೋಕ್ಲಾಸಿಕಲ್ ಶೈಲಿಯ ವ್ಯಕ್ತಿಚಿತ್ರ. ಕ್ಯಾನ್ವಾಸಿನ ಮೇಲೆ ತೈಲವರ್ಣ, 1788."

> ತೈಲವರ್ಣ

ಎಣ್ಣೆಬಣ್ಣ. ನನ್ನ ಮಾತು ಬದಲಾಗಿಲ್ಲ.