‘ಬಜೆ’ಯನ್ನು ‘ಸಿಹಿ ಧ್ವಜ’ ಎನ್ನಬಹುದೇ? ಅದರ ಕುಟುಂಬಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಸಕಲೇಶಪುರ ಸೀಮೆಯ ಗದ್ದೆಯಂಚಿನ, ಜೌಗುನೆಲದ ಗಿಡಗಳ ಕನ್ನಡ ಹೆಸರುಗಳನ್ನು ಪಟ್ಟಿಮಾಡುತ್ತಿದ್ದಾಗ ‘ಸ್ವೀಟ್ ಫ್ಲ್ಯಾಗ್’ ಎಂಬುದಕ್ಕೆ ‘ಸಿಹಿ ಧ್ವಜ’ ಎಂಬ ಅನುವಾದ ಕಣ್ಣಿಗೆ ಬಿದ್ದಿತು. ಎಳೆಮಗುವಿರುವ ಮನೆಯಲ್ಲಿ ತೇಯುವ, ಗ್ರಂದಿಗೆ ಅಂಗಡಿಯಲ್ಲಿ ಕೇಳಿದೊಡನೆ ಕಟ್ಟಿಕೊಡುವ ಬಜೆಗೆ ಈ ಹೆಸರು ಬಂದುದನ್ನು ಕಂಡು ಬೇಸರವಾಯಿತು. ಇಂಗ್ಲಿಷಿನ ಆ ‘ಫ್ಲ್ಯಾಗ್’ ಬಾವುಟವಲ್ಲ. ನೀರಂಚಿನಲ್ಲಿ ಕತ್ತಿಯಂಥ ಎಲೆ ಬಿಡುವ ಐರಿಸ್ ಮೊದಲಾದ ಗಿಡಗಳಿಗೆ ಅಲ್ಲಿ ಹಿಂದಿನಿಂದ ಇರುವ ಹೆಸರು. ‘ಸ್ವೀಟ್’ ಎಂಬುದೂ ಕಂಪಿಗೆ ಸಂದದ್ದು. ಬಜೆಯ ರುಚಿ ಕಹಿ ಮತ್ತು ಖಾರ.

ಸಂಸ್ಕೃತದ ‘ವಚಾ’ ಕನ್ನಡದಲ್ಲಿ ‘ಬಜೆ’ಯಾದುದು ನಮಗೆ ಪರಿಚಿತವಾದ ಹಾದಿಯಲ್ಲೇ: ‘ವಸತಿ’ಯ ವಕಾರ ‘ಬಸದಿ’ಯಲ್ಲಿ ಬಕಾರವಾದಂತೆ, ‘ಸೂಚಿ’ಯ ಚಕಾರ ‘ಸೂಜಿ’ಯಲ್ಲಿ ಜಕಾರವಾದಂತೆ, ‘ಮಾಲಾ’ ಎಂಬುದು ‘ಮಾಲೆ’ಯಾದಂತೆ. ಇದೇ ಗಿಡಕ್ಕೆ ‘ಷಡ್ಗ್ರಂಥಾ’ ಎಂಬ ಹೆಸರೂ ಇದೆ. ನಾವು ‘ಬಜೆ ಬೇರು’ ಎನ್ನುವುದು ಗಿಣ್ಣುಗಳಿರುವ, ಶುಂಠಿಯಂತೆ ನೆಲದಲ್ಲಿ ಅಡ್ಡಲಾಗಿ ಹಬ್ಬುವ ಕಾಂಡ; ಗಂಟನ್ನು ಗುರುತಿಸಿದ ಆ ಸಂಸ್ಕೃತ ಹೆಸರು ಈ ವಿಷಯದಲ್ಲಿ ಹೆಚ್ಚು ನಿಖರವಾಗಿದೆ. ಆದರೂ ರೂಢಿಯ ‘ಬೇರು’ ಎಂಬ ಮಾತನ್ನು ತಿದ್ದಬೇಕೆಂದು ನನಗೆ ಅನ್ನಿಸುವುದಿಲ್ಲ.

ತಿದ್ದಬೇಕಾದುದು ಕುಟುಂಬದ ವಿಷಯ. 1753ರಲ್ಲಿ ಲಿನೀಯಸ್ ‘ಅಕೊರಸ್ ಕಲಾಮಸ್’ ಎಂದು ಹೆಸರಿಸಿದ ಈ ಗಿಡವನ್ನು ಬಹುಕಾಲ ಕೆಸು, ಸುವರ್ಣಗೆಡ್ಡೆಗಳಿರುವ ಅರೇಸೀ ಕುಟುಂಬದಲ್ಲಿ ಇರಿಸಲಾಗಿತ್ತು. ಬೆರಳಿನಂತೆ ನಿಲ್ಲುವ ಹೂತೆನೆಯ ಹೋಲಿಕೆ ಅದಕ್ಕೆ ಕಾರಣ. ಆದರೆ ಕೆಸುವನ್ನು ಹುಳಿ ಹಾಕದೆ ಬೇಯಿಸಿದರೆ ಗಂಟಲು ಕೆರೆಯುವುದು ಮಲೆನಾಡಿನವರಿಗೆಲ್ಲ ತಿಳಿದ ಸಂಗತಿ. ಆ ಕೆರೆತಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಬಜೆಯಲ್ಲಿಲ್ಲ, ಅದರಲ್ಲಿರುವುದು ಸುಗಂಧತೈಲದ ಕೋಶಗಳು. ಕೆಸುವಿನ ಹೂತೆನೆಯನ್ನು ಸುತ್ತುವ ಹಾಳೆಯಂಥದ್ದೂ ಇದಕ್ಕಿಲ್ಲ. ತೆನೆ ಎಲೆಯಂಥ ದಂಟಿನ ಪಕ್ಕದಿಂದ ಹೊರಟಂತೆ ಕಾಣುತ್ತದೆ. ಇಂಥ ವ್ಯತ್ಯಾಸಗಳನ್ನು ಒಟ್ಟುಗೂಡಿಸಿ 1987ರಲ್ಲಿ ಗ್ರೇಯಮ್ ಎಂಬ ಸಸ್ಯವಿಜ್ಞಾನಿ ಅಕೊರಸನ್ನು ಕೆಸುವಿನ ಕುಟುಂಬದಿಂದ ಬೇರ್ಪಡಿಸಬೇಕೆಂದು ವಾದಿಸಿದರು. ಮುಂದೆ ಡಿಎನ್‌ಎ ಅಧ್ಯಯನಗಳು ಏಕದಳ ಸಸ್ಯಗಳಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಈ ಗಿಡದ ವಂಶವೆಂದು ತೋರಿಸಿದವು. ಹೀಗಾಗಿ ಈಗ ಅದರದು ಅಕೊರೇಲೀಸ್ ಗಣ, ಅಕೊರೇಸೀ ಕುಟುಂಬ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ಅಕೊರೇಸೀ ಕುಟುಂಬವನ್ನು ‘ಬಜೆ ಕುಟುಂಬ’ ಎಂದು ಬರೆಯುವುದಕ್ಕೆ ಆಕ್ಷೇಪವಿದೆಯೇ? ಒಣಗಿದ ತುಂಡಿಗೂ ನೀರಿನಲ್ಲಿ ನಿಂತ ಹಸಿಗಿಡಕ್ಕೂ ನಾವು ‘ಬಜೆ’ ಎಂದೇ ಹೇಳುತ್ತೇವೆ; ಮೂಡಿಗೆರೆ, ಕೊಪ್ಪದ ಕಡೆಯ ಹಿರಿಯರು ಹಸಿಗಿಡಕ್ಕೆ ಬೇರೆ ಹೆಸರನ್ನು ಬಳಸುವುದನ್ನು ಯಾರಾದರೂ ಕೇಳಿದ್ದರೆ, ಅದನ್ನು ಅವರು ಉಚ್ಚರಿಸುವ ರೂಪದಲ್ಲೇ ತಿಳಿಸಬೇಕೆಂದು ಕೋರುತ್ತೇನೆ.