ಸಹಾಯ ಬೇಕು: ನಮ್ಮ ಹೆಸರಲ್ಲಿ ನಕಲಿ ಇಮೇಲ್ ಬರುತ್ತಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಇಮೇಲ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಈಚೆಗೆ ಸದಸ್ಯರಿಗೆ ನಮ್ಮದೇ ವಿಳಾಸದಿಂದ ಬಂದಂತೆ ಕಾಣುವ ಮೇಲ್ ಬರುತ್ತಿವೆ. "ಬ್ಯಾಂಕ್ ಖಾತೆ ಬದಲಾಗಿದೆ, ಇವತ್ತೇ ಹಣ ಕಳಿಸಿ" ಅಂತ. ವಯಸ್ಸಾದ ಸದಸ್ಯರೇ ಜಾಸ್ತಿ, ಅದಕ್ಕೇ ನನಗೆ ಭಯ.

ನಮ್ಮ ಖಾತೆ ಹ್ಯಾಕ್ ಆದಂತಿಲ್ಲ. ಕಳಿಸಿದ ಮೇಲ್‌ಗಳಲ್ಲಿ ಅವು ಇಲ್ಲ, ಲಾಗಿನ್ ದಾಖಲೆಯೂ ಸರಿಯಿದೆ. ಒಬ್ಬರಿಂದ ಆ ಮೇಲ್‌ನ ಪೂರ್ತಿ ಹೆಡರ್ (ಮೇಲ್ ಎಲ್ಲಿಂದ, ಹೇಗೆ ಬಂತು ಎಂಬ ವಿವರ) ತರಿಸಿ ನೋಡಿದೆ. 'ಫ್ರಮ್' ಸಾಲಿನಲ್ಲಿ ನಮ್ಮ ವಿಳಾಸ, ರಿಟರ್ನ್-ಪಾತ್‌ನಲ್ಲಿ (ತಲುಪದ ಮೇಲ್ ವಾಪಸ್ ಹೋಗುವ ವಿಳಾಸ) ಬೇರೆ ಯಾವುದೋ ಡೊಮೇನ್. ಡಿಮಾರ್ಕ್ (ಫ್ರಮ್‌ನಲ್ಲಿರುವ ಡೊಮೇನ್ ನಿಜವೇ ಎಂದು ನೋಡುವ ತಪಾಸಣೆ) ಫೇಲ್ ಅಂತಲೂ ಇದೆ. ಆದರೂ ಇನ್‌ಬಾಕ್ಸ್‌ಗೇ ಬಂದಿದೆ. ನಮ್ಮ ಡಿಮಾರ್ಕ್ ನೀತಿ 'ನನ್' (none, ಅಂದರೆ ಫೇಲ್ ಆದರೂ ತಡೆಯಬೇಡಿ) ಆಗಿರುವುದರಿಂದ ಇರಬೇಕು, ಅಲ್ವಾ? ಎಸ್‌ಪಿಎಫ್, ಡಿಕಿಮ್ ಎರಡೂ (ಕಳಿಸಲು ಅನುಮತಿ ಇರುವ ಸರ್ವರ್‌ಗಳ ಪಟ್ಟಿ, ಮೇಲ್‌ನ ಡಿಜಿಟಲ್ ಸಹಿ) ಹಾಕಿದ್ದೇವೆ.

ಈಗ ಡಿಮಾರ್ಕ್ ನೀತಿಯನ್ನು ನೇರವಾಗಿ 'ರಿಜೆಕ್ಟ್'ಗೆ (ಫೇಲ್ ಆದ ಮೇಲ್ ತಿರಸ್ಕರಿಸುವುದು) ಬದಲಿಸಬಹುದಾ, ಇಲ್ಲ ಮೊದಲು 'ಕ್ವಾರಂಟೈನ್' (ಸ್ಪ್ಯಾಮ್‌ಗೆ ಹಾಕುವುದು) ಇಟ್ಟು ವರದಿ ನೋಡಬೇಕಾ? ನಮ್ಮ ಸುದ್ದಿಪತ್ರ ಬೇರೊಂದು ಸೇವೆಯ ಮೂಲಕ ಹೋಗುತ್ತದೆ. ಅದೂ ತಡೆದುಹೋದರೆ ಕಷ್ಟ.

ಇನ್ನೊಂದು ವಿಷಯ. ಫೋನಿನಲ್ಲಿ ಬರೀ ಹೆಸರು ಕಾಣುತ್ತದೆ, ವಿಳಾಸ ಕಾಣುವುದಿಲ್ಲ. ಲಿಂಕ್ ಒತ್ತಬೇಡಿ, ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ ಅಂತ ಸದಸ್ಯರಿಗೆ ಹೇಳಿದ್ದೇನೆ. ಇದನ್ನು ಹಿರಿಯರಿಗೆ ಸುಲಭವಾಗಿ ತಿಳಿಸುವ ಚಿತ್ರವೋ ವೀಡಿಯೊವೋ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.